ಆಯಿ ಎಷ್ಟು ಪಿಸಿಯು?

ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ ಹತ್ತು ದಿನ ಊರಿಗೆ ಹೋಗಿದ್ದೆ. ಊರು ಅಂದರೆ ಬಿಣಗಾ. ಕಾರವಾರದಿಂದ ಅಂಕೋಲಾ ಕಡೆಗೆ ಹೊರಟರೆ ಗುಡ್ಡ ದಾಟಿದ ಕೂಡಲೇ ಸಿಗುವ ಊರು. ಮೊದಲು ಬಿಣಗಾ ಘಟ್ಟ ಸುತ್ತಿ ಬರಬೇಕಿತ್ತು, ಈಗ ಸುರಂಗದೊಳಗೆ ನುಗ್ಗಿ ಈಚೆ ಬಂದರೆ ಆಯ್ತು. ಒಂದು ಬದಿ ಗುಡ್ಡ, ಇನ್ನೊಂದು ಬದಿ ಕಡಲು, ನಡುವೆ ಹಳೇ ರಾಸಾಯನಿಕ ಕಾರ್ಖಾನೆ, ಸ್ವಲ್ಪ ಮುಂದೆ ಅರಗಾದಲ್ಲಿ ನೌಕಾನೆಲೆ. ಇವೆಲ್ಲದರ ನಡುವೆ ಉಳಿದ ಜಾಗದಲ್ಲಿ ರಾಷ್ಟ್ರೀಯ ಹೆದ್ದಾರಿ 66. ಅದೂ ಬಿಟ್ಟು ಉಳಿದ ಜಾಗದಲ್ಲಿ ನಾವು.

ವರ್ಕ್ ಫ್ರಮ್ ಹೋಮ್ ನಡೀತಾ ಇತ್ತು. ಜಗಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದೆ. ಆಯಿ ಚೀಲ ಹಿಡಿದು ಹೊರಗೆ ಹೋದವಳು ಹತ್ತು ನಿಮಿಷದಲ್ಲಿ ವಾಪಸು ಬಂದಳು. ಚೀಲ ಖಾಲಿ.

"ತಮಾ, ಬೈಕಲ್ಲಿ ಆಚೆ ಬದಿಗೆ ಬಿಟ್ಟು ಬರ್ತ್ಯಾ?"

"ಆಚೆ ಬದಿ ಅಂದ್ರೆ? ಎದುರಿಗೇ ಇದೆಯಲ್ಲ ಆಯಿ."

"ಎದುರಿಗೆ ಕಾಣ್ತದೆ. ಹೋಗೂಕಾಗೂದಿಲ್ಲ."

ಬೈಕ್ ತೆಗೆದೆ. ಯೂ-ಟರ್ನ್ ಹುಡುಕಿಕೊಂಡು ಹೋಗಿ, ತಿರುಗಿ ಬಂದು, ಅವಳನ್ನು ಎದುರು ಬದಿಯಲ್ಲಿ ಇಳಿಸಿದೆ. ನಾನು ಸಣ್ಣವನಿದ್ದಾಗ ಅದೇ ಜಾಗಕ್ಕೆ ಅವಳು ಒಲೆ ಮೇಲೆ ಅನ್ನ ಇಟ್ಟು ಹೋಗಿ, ಅನ್ನ ಉಕ್ಕುವುದರೊಳಗೆ ಬಂದುಬಿಡುತ್ತಿದ್ದಳು. ಈಗ ಅದಕ್ಕೆ ಒಂದು ಬೈಕು, ಒಬ್ಬ ಮಗ, ಒಂದಿಷ್ಟು ಪೆಟ್ರೋಲು ಬೇಕು. ಮಗ ಬೆಂಗಳೂರಿನಲ್ಲಿದ್ದಾಗ ಏನು ಮಾಡುತ್ತಾಳೆ ಅಂತ ಕೇಳಿದೆ. "ಹೋಗೂದಿಲ್ಲ" ಅಂದಳು. ದೂರು ಹೇಳುವ ದನಿಯಲ್ಲಲ್ಲ, ಮಳೆ ಬಂದರೆ ಹಪ್ಪಳ ಒಣಗಿಸೂದಿಲ್ಲ ಅನ್ನುವ ದನಿಯಲ್ಲಿ.

ತಿರುಗಿ ಬಂದು ಲ್ಯಾಪ್‌ಟಾಪ್ ಮುಂದೆ ಕೂತೆ. ತೆರೆದಿದ್ದ ಎಕ್ಸೆಲ್ ಹಾಳೆ ನೋಡಿ ನಾಚಿಕೆ ಆಯ್ತು. ಯಾಕೆ ಅಂತ ಹೇಳಬೇಕಾದರೆ ನನ್ನ ಹೊಟ್ಟೆಪಾಡಿನ ಬಗ್ಗೆ ಹೇಳಬೇಕು.

ನಾನು ಮಾಡುವ ಕೆಲಸ ಸಾರಿಗೆ ಲೆಕ್ಕದ್ದು. ಎಲ್ಲೋ ಒಂದು ರಸ್ತೆ ಅಗಲ ಮಾಡಬೇಕು ಅಂತಾದಾಗ ಮೊದಲು ಅಲ್ಲಿ ಎಷ್ಟು ಗಾಡಿ ಓಡಾಡುತ್ತವೆ ಅಂತ ಎಣಿಸುತ್ತಾರೆ. ಆ ಎಣಿಕೆಯನ್ನು ಹಾಳೆಗೆ ಹಾಕಿ, ಕೂಡಿಸಿ, ಗುಣಿಸಿ ಕೊಡುವವರಲ್ಲಿ ನಾನೂ ಒಬ್ಬ. ಈ ಲೆಕ್ಕಕ್ಕೊಂದು ಅಳತೆಗೋಲಿದೆ, ಅದರ ಹೆಸರು ಪಿಸಿಯು. ಪ್ಯಾಸೆಂಜರ್ ಕಾರ್ ಯೂನಿಟ್. ರಸ್ತೆಯ ಮೇಲಿರುವ ಎಲ್ಲವನ್ನೂ ಕಾರಿಗೆ ಹೋಲಿಸಿ ಅಳೆಯುವ ಕ್ರಮ. ಅಕ್ಕಿ, ಬೇಳೆ, ಮೀನು ಎಲ್ಲವನ್ನೂ ಸೇರಲ್ಲಿ ಅಳೆದ ಹಾಗೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಗ್ರಾಮೀಣ ರಸ್ತೆಗಳ ಸಾಮರ್ಥ್ಯದ ಬಗ್ಗೆ ಕೊಟ್ಟ ಮಾರ್ಗಸೂಚಿಯಲ್ಲಿ ಇದರ ಪಟ್ಟಿ ಇದೆ. ಕಾರು 1. ಬೈಕು 0.5. ಸೈಕಲ್ಲು 0.5. ಬಸ್ಸು, ಲಾರಿ 3. ಕೈಗಾಡಿ 3. ಎತ್ತಿನ ಗಾಡಿ 8. ಇದನ್ನು ಒಂದು ಸಾಹಿತ್ಯ ಕೃತಿಯ ಹಾಗೆ ಓದಿ ನೋಡಿ. ಯಾರು ನಾಯಕ, ಯಾರು ಖಳನಾಯಕ ಅಂತ ತಕ್ಷಣ ಗೊತ್ತಾಗುತ್ತದೆ. ಎಂಟು ಕಾರುಗಳ ಜಾಗ ನುಂಗಿ ಕೂತ ಎತ್ತಿನ ಗಾಡಿ ಇಲ್ಲಿ ರಾಕ್ಷಸ. ನಲವತ್ತು ಜನರನ್ನು ಹೊತ್ತ ಬಸ್ಸು ಮೂರು ಕಾರಿನಷ್ಟು ತೊಂದರೆ. ಅದರೊಳಗೆ ಎಷ್ಟು ಜನ ಇದ್ದಾರೆ ಅನ್ನುವುದು ಈ ಪಟ್ಟಿಗೆ ಬೇಡ, ಎಷ್ಟು ಅಡ್ಡ ಬರುತ್ತದೆ ಅನ್ನುವುದು ಮಾತ್ರ ಬೇಕು.

ಇನ್ನು ನಡೆಯುವವರು? ಅವರ ಹೆಸರೇ ಪಟ್ಟಿಯಲ್ಲಿಲ್ಲ. ಎತ್ತಿನ ಗಾಡಿಯಾದರೂ ಬೈಸಿಕೊಳ್ಳುವಷ್ಟು ಇದೆ. ಚೀಲ ಹಿಡಿದು ಡಿವೈಡರ್ ಪಕ್ಕ ನಿಂತ ಆಯಿ ಎಷ್ಟು ಪಿಸಿಯು? ಸೊನ್ನೆ ಅಂತಲೂ ಬರೆದಿಲ್ಲ. ನನ್ನ ಹಾಳೆಯಲ್ಲಿ ಅವಳಿಗೆ ಕಾಲಮ್ಮೇ ಇರಲಿಲ್ಲ.

ಎಂಜಿನಿಯರ್ ಗೆಳೆಯರು ತಕ್ಷಣ ಹೇಳುತ್ತಾರೆ: ಪಿಸಿಯು ಇರುವುದು ರಸ್ತೆಯ ಸಾಮರ್ಥ್ಯ ಅಳೆಯಲು, ಜನರ ಬೆಲೆ ಕಟ್ಟಲು ಅಲ್ಲ. ಪಾದಚಾರಿಗಳಿಗೆ ಬೇರೆ ಮಾರ್ಗಸೂಚಿ ಇದೆ, ಐಆರ್‌ಸಿ 103 ಓದು ಅಂತ. ಓದಿದ್ದೇನೆ. 1988ರಲ್ಲಿ ಬಂದದ್ದು, 2012ರಲ್ಲಿ ಪರಿಷ್ಕಾರ ಆದದ್ದು, ಒಳ್ಳೆಯ ಪುಸ್ತಕ. ನನ್ನ ತಕರಾರು ಪುಸ್ತಕ ಇಲ್ಲ ಅನ್ನುವುದಲ್ಲ. ಯಾವ ಪುಸ್ತಕವನ್ನು ಮೊದಲು ತೆರೆಯುತ್ತೇವೆ, ಯಾವುದರ ಲೆಕ್ಕ ಬಾರದೆ ಬಿಲ್ ಪಾಸಾಗುವುದಿಲ್ಲ ಅನ್ನುವುದು. ವಾಹನ ಎಣಿಕೆ ಇಲ್ಲದೆ ಹೆದ್ದಾರಿಯ ಯೋಜನೆ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ದಾಟುವವರ ಎಣಿಕೆ ಸರಿಯಾಗಿ ಆಗದಿದ್ದರೆ ಯಾರ ಸಹಿಯೂ ನಿಲ್ಲುವುದಿಲ್ಲ.

ಎಣಿಸಿದರೂ ಇನ್ನೊಂದು ತೊಂದರೆ ಇದೆ. ರಸ್ತೆ ಬದಿ ಕೂತು ದಾಟುವವರನ್ನು ಎಣಿಸಿದರೆ ದಾಟಿದವರು ಸಿಗುತ್ತಾರೆ. ಅಂಚಿನವರೆಗೆ ಬಂದು ಹತ್ತು ನಿಮಿಷ ನಿಂತು ವಾಪಸು ಹೋದವರು ಸಿಗುವುದಿಲ್ಲ. ಬರುವುದನ್ನೇ ಬಿಟ್ಟವರು ಅಂತೂ ಸಿಗುವುದೇ ಇಲ್ಲ. ರಸ್ತೆ ಎಷ್ಟು ಭಯಂಕರವೋ ದಾಟುವವರು ಅಷ್ಟು ಕಡಿಮೆ. ದಾಟುವವರು ಎಷ್ಟು ಕಡಿಮೆಯೋ, ಇಲ್ಲಿ ಏನೂ ಬೇಡ ಅನ್ನುವ ವರದಿ ಅಷ್ಟು ಸುಲಭ. ಹೊಳೆಯಲ್ಲಿ ಯಾರೂ ಈಜುತ್ತಿಲ್ಲ, ಆದ್ದರಿಂದ ಸೇತುವೆ ಬೇಕಿಲ್ಲ ಅಂದ ಹಾಗೆ.

ಈಗ ಒಂದು ಸಣ್ಣ ಲೆಕ್ಕ. ಕೇಂದ್ರ ಸರ್ಕಾರದ 2018ರ ಅಧಿಸೂಚನೆ ಪ್ರಕಾರ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿನ ಗರಿಷ್ಠ ವೇಗ ಗಂಟೆಗೆ 100 ಕಿ.ಮೀ. ನಗರಸಭೆ, ಪುರಸಭೆ ಗಡಿಯೊಳಗೆ 70. ನೂರರ ವೇಗ ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಒಂದು ಪಥ ಮೂರೂವರೆ ಮೀಟರ್, ಒಂದು ಬದಿಯ ಎರಡು ಪಥ ಸೇರಿ 7 ಮೀಟರ್. ಸಿಗ್ನಲ್ ಲೆಕ್ಕ ಹಾಕುವವರು ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಅಂತ ಹಿಡಿಯುತ್ತಾರೆ. ಆಯಿಯ ಮಂಡಿ ನೋವಿಗೆ ಅದು ಗೊತ್ತಿಲ್ಲ, ಅವಳದ್ದು 0.9 ಅಂತಿಟ್ಟುಕೊಳ್ಳಿ. ಏಳು ಮೀಟರ್ ದಾಟಲು ಸುಮಾರು 8 ಸೆಕೆಂಡು. ಅಷ್ಟರಲ್ಲಿ ಕಾರು 220 ಮೀಟರ್ ಬಂದಿರುತ್ತದೆ. ಅಂದರೆ ಕಣ್ಣಿನ ಪೊರೆ ತೆಗೆಸಿಕೊಂಡ ಹೆಂಗಸು 220 ಮೀಟರ್ ಆಚೆಗಿನ ಕಾರು ನೋಡಿ, ಅದರ ವೇಗ ಅಂದಾಜು ಮಾಡಿ, ಕಾಲು ಇಡಬೇಕು. ಆಮೇಲೆ ಡಿವೈಡರ್ ಹತ್ತಿ, ಇಳಿದು, ಇನ್ನೊಂದು ಬದಿಗೆ ಇದೇ ಪರೀಕ್ಷೆ ಮತ್ತೆ ಬರೆಯಬೇಕು. ಅವಳು ವಾಪಸು ಬಂದದ್ದು ಭಯದಿಂದ ಅಂತ ನಾನು ಅಂದುಕೊಂಡಿದ್ದೆ. ಲೆಕ್ಕ ಹಾಕಿದ ಮೇಲೆ ಅನ್ನಿಸಿತು, ನನಗಿಂತ ಚೆನ್ನಾಗಿ ಅವಳಿಗೆ ಲೆಕ್ಕ ಬರುತ್ತದೆ.

ಇಷ್ಟು ಬರೆದ ಮೇಲೆ ಹೆದ್ದಾರಿಗೆ ಬೈಯುವುದು ಸುಲಭ. ಆದರೆ ನಾನು ಪೂರ್ತಿ ಬೈಯಲಾರೆ. ಎರಡು ವರ್ಷದ ಹಿಂದೆ ಅಪ್ಪನಿಗೆ ಎದೆನೋವು ಬಂದಾಗ ಆಂಬುಲೆನ್ಸು ಇದೇ ರಸ್ತೆಯಲ್ಲಿ ಮಣಿಪಾಲಕ್ಕೆ ಓಡಿತ್ತು. ಹಳೇ ಎನ್‌ಎಚ್ 17 ನೆನಪಿದ್ದವರಿಗೆ ಗೊತ್ತು, ಲಾರಿ ಹಿಂದೆ ಲಾರಿ, ಓವರ್‌ಟೇಕ್ ಮಾಡಲು ಜಾಗ ಇಲ್ಲ, ಮಳೆಗಾಲದಲ್ಲಿ ಹೊಂಡವೋ ರಸ್ತೆಯೋ ಗೊತ್ತಾಗುತ್ತಿರಲಿಲ್ಲ. ಆ ರಸ್ತೆಯಾಗಿದ್ದರೆ ಅಪ್ಪ ಇವತ್ತು ಜಗಲಿಯಲ್ಲಿ ಕೂತು ಪೇಪರ್ ಓದುತ್ತಿರಲಿಲ್ಲವೇನೋ. ಗೋವಾ ಗಡಿಯಿಂದ ಕುಂದಾಪುರದವರೆಗೆ ಸುಮಾರು 190 ಕಿ.ಮೀ. ನಾಲ್ಕು ಪಥ ಆಗಲಿ ಅಂತ ಕೇಳಿದವರಲ್ಲಿ ನಮ್ಮ ಊರಿನವರೂ ಇದ್ದರು. ದೊಡ್ಡ ಆಸ್ಪತ್ರೆಗೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಇಲ್ಲವೇ ಗೋವಾಕ್ಕೆ ಓಡಬೇಕಾದ ಜಿಲ್ಲೆಯವರಿಗೆ ವೇಗ ಬೇಡ ಅಂತ ಹೇಳುವ ಅಧಿಕಾರ ಬೆಂಗಳೂರಿನಲ್ಲಿ ಕೂತ ಯಾರಿಗೂ ಇಲ್ಲ, ನನಗೂ ಇಲ್ಲ.

ಅದೇ ರಸ್ತೆ ಅಪ್ಪನನ್ನು ಉಳಿಸಿತು, ಅದೇ ರಸ್ತೆ ಆಯಿಯನ್ನು ಮನೆಯಲ್ಲಿ ಕೂರಿಸಿತು. ಇವೆರಡೂ ನಿಜ. ಎರಡನ್ನೂ ಒಟ್ಟಿಗೆ ಹಿಡಿಯುವ ನೀತಿ ನಮ್ಮಲ್ಲಿದೆಯಾ ಅನ್ನುವುದು ನನ್ನ ಪ್ರಶ್ನೆ.

ಆ ರಾತ್ರಿ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯನ್ನು ಮತ್ತೆ ತೆರೆದು ಓದಿದೆ. ನಮ್ಮ ವೃತ್ತಿಯವರಿಗೆ ಅದೊಂದು ಥರ ಪಠ್ಯಪುಸ್ತಕ. ನಿಜಕ್ಕೂ ಚೆನ್ನಾಗಿದೆ. ವಾಹನಗಳನ್ನಲ್ಲ, ಜನರನ್ನು ಸಾಗಿಸುವುದು ಮುಖ್ಯ ಅನ್ನುವುದೇ ಅದರ ತಿರುಳು. ಇಷ್ಟು ಜನರನ್ನು ಹೊತ್ತ ಬಸ್ಸಿಗೆ, ಒಬ್ಬಿಬ್ಬರನ್ನು ಹೊತ್ತ ಕಾರಿನ ಎರಡೂವರೆ ಪಟ್ಟು ಜಾಗ ಮಾತ್ರ ಸಿಗುತ್ತಿರುವುದು ಅನ್ಯಾಯ ಅಂತ ಅದೇ ಹೇಳುತ್ತದೆ. ನಡೆಯುವವರಿಗೆ, ಸೈಕಲ್ಲಿನವರಿಗೆ ಆದ್ಯತೆ ಕೊಡಿ ಅನ್ನುತ್ತದೆ. ಇಪ್ಪತ್ತು ವರ್ಷದ ಹಿಂದೆ ಸರ್ಕಾರಿ ಕಡತವೊಂದು ಹೀಗೆ ಮಾತಾಡಿತ್ತು ಅನ್ನುವುದು ಸಣ್ಣ ಸಂಗತಿಯಲ್ಲ.

ತೊಂದರೆ ಇರುವುದು ಹೆಸರಿನ ನಡುವಿನ ಪದದಲ್ಲಿ. ನಗರ.

ಬಿಣಗಾ ನಗರವಾ? ಕೇಳಿದರೆ ನಮ್ಮೂರಿನ ಹುಡುಗರೇ ನಗುತ್ತಾರೆ. ಹಾಗಂತ ಹಳ್ಳಿಯೂ ಅಲ್ಲ. ಹಳ್ಳಿಯಲ್ಲಿ ಕಾರ್ಖಾನೆ, ನೌಕಾನೆಲೆ, ನಾಲ್ಕು ಪಥ, ಸುರಂಗ ಇರುವುದಿಲ್ಲ. ನಾವು ನಡುವಿನವರು. ನೀತಿಗಳಿಗೆ ನಡುವಿನವರು ಕಾಣುವುದಿಲ್ಲ. 2023ರ ಆಗಸ್ಟಿನಲ್ಲಿ ಬಂದ ಪಿಎಂ ಇ-ಬಸ್ ಸೇವಾ ನೋಡಿ. 169 ನಗರಗಳಿಗೆ 10 ಸಾವಿರ ಎಲೆಕ್ಟ್ರಿಕ್ ಬಸ್ಸು. ಮೂರು ಲಕ್ಷ ಜನಸಂಖ್ಯೆ ಇರುವ ನಗರವಾಗಿರಬೇಕು ಅನ್ನುವುದು ಸಾಮಾನ್ಯ ಷರತ್ತು. 2024ರ ಪಿಎಂ ಇ-ಡ್ರೈವ್ ನೋಡಿ, ಒಟ್ಟು 10,900 ಕೋಟಿ ರೂಪಾಯಿ. ಅದರಲ್ಲಿ 14,028 ಬಸ್ಸುಗಳು 40 ಲಕ್ಷಕ್ಕಿಂತ ಹೆಚ್ಚು ಜನರಿರುವ ಒಂಬತ್ತು ನಗರಗಳಿಗೆ.

ಕಾರವಾರ ಪಟ್ಟಣದ ಜನಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು 77 ಸಾವಿರ. ಇಡೀ ಉತ್ತರ ಕನ್ನಡದ್ದು 14 ಲಕ್ಷಕ್ಕೂ ಹೆಚ್ಚು. ಹದಿನಾಲ್ಕು ಲಕ್ಷ ಜನ ಒಂದೇ ಕಡೆ ಗುಡ್ಡೆ ಬಿದ್ದಿದ್ದರೆ ಬಸ್ಸು ಸಿಗುತ್ತಿತ್ತು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಶಿರಸಿ, ದಾಂಡೇಲಿ ಅಂತ ಕಡಲು-ಕಾಡಿನ ನಡುವೆ ಹಂಚಿಕೊಂಡು ಬದುಕುತ್ತಿರುವುದರಿಂದ ಇಲ್ಲ. ನಿಜ ಹೇಳಬೇಕೆಂದರೆ ಹೀಗೆ ಹಂಚಿಹೋದವರಿಗೇ ಬಸ್ಸಿನ ಅಗತ್ಯ ಹೆಚ್ಚು. ಬೆಂಗಳೂರಿನಲ್ಲಿ ಒಂದು ಬಸ್ಸು ತಪ್ಪಿದರೆ ಇನ್ನೊಂದು ಬರುತ್ತದೆ, ಇಲ್ಲವೇ ಮೆಟ್ರೋ, ಇಲ್ಲವೇ ಆ್ಯಪ್ ತೆರೆದು ಬೈಯುತ್ತಾ ಆಟೋ. ಅಂಕೋಲಾದ ಒಳಹಳ್ಳಿಯೊಂದರಲ್ಲಿ ಬಸ್ಸು ತಪ್ಪಿದರೆ ಆ ದಿನವೇ ತಪ್ಪಿದ ಹಾಗೆ.

ಹಾಗಾದರೆ ಕರಾವಳಿ ಓಡಾಡುವುದು ಹೇಗೆ? ಟೆಂಪೋದಲ್ಲಿ. ಯಾವ ನೀತಿಯೂ ಹುಟ್ಟಿಸದ, ಯಾವ ವರದಿಯೂ ಹೊಗಳದ ಟೆಂಪೋ. ಕೈ ಅಡ್ಡ ಹಾಕಿದರೆ ನಿಲ್ಲುತ್ತದೆ, ಮೀನಿನ ಬುಟ್ಟಿಗೆ ಮೂಗು ಮುರಿಯುವುದಿಲ್ಲ, ಜಾಗ ಇಲ್ಲದಿದ್ದರೂ "ಒಳಗೆ ಹೋಗಿ, ಒಳಗೆ ಹೋಗಿ" ಅನ್ನುತ್ತದೆ. ಮಾರ್ಕೆಟ್ಟಿಗೆ ಮೀನು ಒಯ್ಯುವ ಹೆಂಗಸರ ದಿನದ ಗಳಿಕೆ ಇದರ ಮೇಲೆ ನಿಂತಿದೆ. ನಮ್ಮ ಸೆಮಿನಾರುಗಳಲ್ಲಿ ಇದಕ್ಕೆ 'ಅನೌಪಚಾರಿಕ ವಲಯ' ಅಂತ ಹೆಸರು. ಆ ಸ್ಲೈಡ್ ಬಂದಾಗ ಎಲ್ಲರೂ ಕಾಫಿಗೆ ಎದ್ದಿರುತ್ತಾರೆ.

2023ರ ಜೂನ್ 11ರಿಂದ ಬಂದ ಶಕ್ತಿ ಯೋಜನೆಯ ಬಗ್ಗೆ ನನ್ನ ಆಫೀಸಿನಲ್ಲಿ ಬಹಳ ಜೋಕು ಓಡಾಡಿದ್ದವು. ನಾನೂ ಒಂದೆರಡು ಫಾರ್ವರ್ಡ್ ಮಾಡಿದ್ದೇನೆ. ಈಗ ಹಿಂತಿರುಗಿ ನೋಡಿದರೆ, ಗಾಡಿಗೆ ಸಬ್ಸಿಡಿ ಕೊಡದೆ ಪ್ರಯಾಣಕ್ಕೆ ದುಡ್ಡು ಕೊಟ್ಟ ದೊಡ್ಡ ಸಾರಿಗೆ ನೀತಿ ನಮ್ಮ ರಾಜ್ಯದಲ್ಲಿ ಇದೊಂದೇ ಅನ್ನಿಸುತ್ತದೆ. 2025ರ ಜುಲೈ ಹೊತ್ತಿಗೆ 500 ಕೋಟಿ ಉಚಿತ ಪ್ರಯಾಣ ದಾಟಿತು. ಆಯಿ ಅಂಕೋಲಾಕ್ಕೆ ತನ್ನ ಅಕ್ಕನ ಮನೆಗೆ ಮೊದಲು ಹಬ್ಬಕ್ಕೊಮ್ಮೆ ಹೋಗುತ್ತಿದ್ದಳು, ಈಗ ತಿಂಗಳಿಗೊಮ್ಮೆ ಹೋಗುತ್ತಾಳೆ. ಇದನ್ನು 'ಅನಗತ್ಯ ಪ್ರಯಾಣ' ಅಂತ ಕರೆದವರೂ ಇದ್ದಾರೆ. ನಾವು ವೀಕೆಂಡಿಗೆ ಗೋಕರ್ಣಕ್ಕೆ ಕಾರು ಓಡಿಸುವುದು ಮಾತ್ರ ಅಗತ್ಯ ಪ್ರಯಾಣ, ಅಲ್ವಾ?

ಆದರೆ ಶಕ್ತಿಗೂ ಒಂದು ಮಿತಿ ಇದೆ. ಅದು ಸರ್ಕಾರಿ ಬಸ್ಸಿಗೆ ಮಾತ್ರ. ಟಿಕೆಟ್ಟಿನ ಬೆಲೆ ಸೊನ್ನೆ ಆದರೂ ಬಸ್ಸು ಬರಬೇಕು. ಬಂದರೂ, ಹೋಗುವ ಬಸ್ಸು ನಿಲ್ಲುವುದು ರಸ್ತೆಯ ಒಂದು ಬದಿ, ಬರುವ ಬಸ್ಸು ನಿಲ್ಲುವುದು ಇನ್ನೊಂದು ಬದಿ. ಪ್ರತಿ ಬಸ್ ಪ್ರಯಾಣದಲ್ಲೂ ಒಂದು ಸಲ ರಸ್ತೆ ದಾಟಲೇಬೇಕು. ಬಸ್ಸು ಕೊಟ್ಟ ಇಲಾಖೆ ಬೇರೆ, ರಸ್ತೆ ಮಾಡಿದವರು ಬೇರೆ. ಆ ಏಳು-ಏಳು ಮೀಟರ್ ಯಾರ ಯೋಜನೆಯಲ್ಲೂ ಇಲ್ಲ.

ಸಂಶೋಧಕರಿಗೆ ಇದೆಲ್ಲ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಐಐಟಿ ದೆಹಲಿಯಲ್ಲಿ ದಿನೇಶ್ ಮೋಹನ್, ಗೀತಂ ತಿವಾರಿ ಮತ್ತು ಅವರ ಜೊತೆಗಾರರು ದಶಕಗಳ ಕಾಲ ಇದನ್ನೇ ಹೇಳಿದ್ದಾರೆ. ಪಾದಚಾರಿಗೆ ಬುದ್ಧಿ ಹೇಳುವುದರಿಂದ ಸಾವು ಇಳಿಯುವುದಿಲ್ಲ, ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ತಪ್ಪಿಗೆ ಪ್ರಾಣ ತೆಗೆಯದ ಹಾಗೆ ರಸ್ತೆಯನ್ನು ಕಟ್ಟಬೇಕು ಅಂತ. ದಿನೇಶ್ ಮೋಹನ್ 2021ರಲ್ಲಿ ಕೋವಿಡ್ ಕಾಲದಲ್ಲಿ ತೀರಿಕೊಂಡರು. ಅವರ ಮಾತನ್ನು ತಜ್ಞರು ಗೌರವದಿಂದ ಉಲ್ಲೇಖಿಸುತ್ತಾರೆ, ಟೆಂಡರುಗಳು ಉಲ್ಲೇಖಿಸುವುದಿಲ್ಲ.

ಸರ್ಕಾರದ ಅಂಕಿಗಳೂ ಮುಚ್ಚಿಟ್ಟಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಪಾದಚಾರಿಗಳು 32,825, ಅಂದರೆ ದಿನಕ್ಕೆ ಸರಾಸರಿ 90. ದೇಶದ ಒಟ್ಟು ರಸ್ತೆಯ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ನೂರಕ್ಕೆ ಎರಡರ ಆಸುಪಾಸು, ಸಾವಿನಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಇನ್ನು 2011ರ ಜನಗಣತಿಯಲ್ಲಿ ಮೊದಲ ಬಾರಿಗೆ ಜನ ಕೆಲಸಕ್ಕೆ ಹೇಗೆ ಹೋಗುತ್ತೀರಿ ಅಂತ ಕೇಳಿದ್ದರು. ಕೃಷಿ ಮತ್ತು ಮನೆಕೈಗಾರಿಕೆ ಬಿಟ್ಟು ಉಳಿದ ದುಡಿಯುವವರ ಉತ್ತರ ಪ್ರಕಟವಾಯಿತು: ನಡೆದು ಹೋಗುವವರು ಐವರಲ್ಲಿ ಒಬ್ಬರಿಗಿಂತ ಹೆಚ್ಚು, ಕಾರಿನಲ್ಲಿ ಹೋಗುವವರು ನೂರಕ್ಕೆ ಮೂವರಿಗಿಂತ ಕಡಿಮೆ. ಆ ಮೂವರ ಕಾರೇ ನಮ್ಮ ಅಳತೆಗೋಲು.

ಆ ಗಣತಿಯ ಪ್ರಶ್ನೆಯಲ್ಲೂ ಒಂದು ಕೊರತೆ ಇತ್ತು. ಅದು ಕೇಳಿದ್ದು ಕೆಲಸಕ್ಕೆ ಹೋಗುವ ದಾರಿಯನ್ನು. ಆಯಿ ಕೆಲಸಕ್ಕೆ ಹೋಗುವವಳಲ್ಲ. ಅವಳ ತಿರುಗಾಟ ಅಂಗಡಿಗೆ, ದೇವಸ್ಥಾನಕ್ಕೆ, ಗುಳಿಗೆ ತರಲು, ಸತ್ತವರ ಮನೆಗೆ ಮಾತಾಡಿಸಲು. ಇವು ಯಾವ ಕೋಷ್ಟಕಕ್ಕೂ ಬರುವುದಿಲ್ಲ. ಬರದ ಮೇಲೆ ನಿಂತುಹೋದರೆ ಯಾರಿಗೆ ಗೊತ್ತಾಗಬೇಕು?

ಸುಸ್ಥಿರ ಸಾರಿಗೆ ಅನ್ನುವ ಮಾತು ಈಗ ಹೇಗೆ ಬದಲಾಗಿದೆ ನೋಡಿ. ಹತ್ತು ವರ್ಷದಿಂದೀಚೆ ಅದರ ಅರ್ಥ ನಿಧಾನವಾಗಿ 'ಎಲೆಕ್ಟ್ರಿಕ್' ಅಂತಾಗಿಬಿಟ್ಟಿದೆ. 2015ರ ಫೇಮ್, 2019ರ ಫೇಮ್ 2, ಈಗ ಇ-ಡ್ರೈವ್. ನಾನು ಇದರ ವಿರೋಧಿಯಲ್ಲ. ಹೊಗೆ ಕಡಿಮೆಯಾಗುವುದು ಯಾರಿಗೆ ಬೇಡ? ಆದರೆ ನೂರರ ವೇಗದಲ್ಲಿ ಬರುವ ಎಲೆಕ್ಟ್ರಿಕ್ ಎಸ್‌ಯುವಿ ಆಯಿಗೆ ಡೀಸೆಲ್ ಎಸ್‌ಯುವಿಗಿಂತ ಹಸಿರಾಗಿ ಕಾಣುವುದಿಲ್ಲ. ನಡೆಯುವುದನ್ನು ಬಿಡಿಸಿ ಬೈಕ್ ಹತ್ತಿಸಿ, ಆಮೇಲೆ ಆ ಬೈಕಿಗೆ ಬ್ಯಾಟರಿ ಹಾಕಿಸಿ, ಇಷ್ಟು ಇಂಗಾಲ ಉಳಿಸಿದೆವು ಅಂತ ಬರೆದುಕೊಳ್ಳುವುದು ಯಾವ ಲೆಕ್ಕ? ಎಲ್ಲರಿಗಿಂತ ಕಡಿಮೆ ಇಂಗಾಲದ ಪ್ರಯಾಣಿಕಳನ್ನು ಹಿಂಬದಿ ಸೀಟಿನಲ್ಲಿ ಕೂರಿಸಿಕೊಂಡು ಯೂ-ಟರ್ನ್ ಹುಡುಕಿದವನು ನಾನು. ಅವತ್ತು ನನ್ನ ಮನೆಯಿಂದಲೇ ಒಂದು 'ಶೂನ್ಯ ಮಾಲಿನ್ಯ' ಪ್ರಯಾಣ ಕಮ್ಮಿಯಾಗಿ ಒಂದು ಪೆಟ್ರೋಲ್ ಪ್ರಯಾಣ ಜಾಸ್ತಿಯಾಯಿತು. ಯಾರ ವರದಿಯಲ್ಲೂ ಬರಲಿಲ್ಲ.

ಈ ಕರಾವಳಿಗೆ ಬೇರೆ ಥರ ಯೋಚನೆ ಬರುವುದೇ ಇಲ್ಲ ಅಂತಲ್ಲ. ಕೊಂಕಣ ರೈಲ್ವೆ 1998ರ ಜನವರಿ 26ಕ್ಕೆ ಪೂರ್ತಿ ತೆರೆಯಿತು. ಸರಿಯಾಗಿ ಒಂದು ವರ್ಷಕ್ಕೆ, 1999ರಲ್ಲಿ, ಲೋಡ್ ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿ ಸಾಗಿಸುವ ರೋ-ರೋ ಶುರುವಾಯಿತು. ಮೊದಲು ಮಹಾರಾಷ್ಟ್ರದ ಕೊಲಾಡದಿಂದ ಗೋವಾದ ವೆರ್ಣಾಕ್ಕೆ, ಆಮೇಲೆ ಸುರತ್ಕಲ್‌ವರೆಗೆ. ಸಣ್ಣವನಿದ್ದಾಗ ಲಾರಿಗಳು ಸಾಲಾಗಿ ರೈಲು ಹತ್ತಿ ಹೋಗುವುದನ್ನು ಬಾಯಿ ಬಿಟ್ಟು ನೋಡುತ್ತಿದ್ದೆವು. ಡ್ರೈವರುಗಳು ಕ್ಯಾಬಿನ್ನಿನಲ್ಲಿ ಕಾಲು ಚಾಚಿ ಮಲಗಿರುತ್ತಿದ್ದರು. ಸುಸ್ಥಿರ ಅನ್ನುವ ಶಬ್ದ ಫ್ಯಾಷನ್ ಆಗುವ ಮೊದಲು ನಮ್ಮ ಮನೆ ಹಿಂದಿನ ಹಳಿಯ ಮೇಲೆ ಅದು ಓಡುತ್ತಿತ್ತು. ಹೆದ್ದಾರಿ ಇನ್ನಷ್ಟು ಅಗಲ ಆಗಬೇಕು ಅನ್ನುವ ಪ್ರತಿ ಚರ್ಚೆಯಲ್ಲೂ ಈ ಲಾರಿಗಳಲ್ಲಿ ಎಷ್ಟನ್ನು ಹಳಿಗೆ ಹತ್ತಿಸಬಹುದು ಅನ್ನುವ ಪ್ರಶ್ನೆಯೂ ಬರಬೇಕಿತ್ತು.

ಬಾರದೆ ಹೋದರೆ ಏನಾಗುತ್ತದೆ ಅನ್ನುವುದನ್ನು 2024ರ ಜುಲೈ 16 ತೋರಿಸಿತು. ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಗಂಗಾವಳಿಯವರೆಗೆ ಹರಿಯಿತು. ರಸ್ತೆ ಬದಿಯ ಚಾ ಅಂಗಡಿಯ ಸಂಸಾರ, ಲಾರಿಯವರು, ಹೊಳೆಯಾಚೆ ಉಳುವರೆಯವರು ಸೇರಿ ಹನ್ನೊಂದು ಜೀವ ಹೋಯಿತು. ಗುಡ್ಡ ಕಡಿದ ರೀತಿಯ ಬಗ್ಗೆ ಪ್ರಶ್ನೆಗಳೆದ್ದವು. ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಡ್ರೈವರ್ ಬದುಕಿದ್ದು ದೇವರ ದಯೆ, ಮೀನುಗಾರರ ದಯೆ. ಟೀವಿಯಲ್ಲಿ ವಾರಗಟ್ಟಲೆ ತೋರಿಸಿದರು. ನನ್ನ ಸಹೋದ್ಯೋಗಿ ಒಬ್ಬ "ನಿಮ್ಮೂರ ಕಡೆ ಪ್ರಕೃತಿ ಬಹಳ ಕಠೋರ ಅಲ್ವಾ" ಅಂದ. ಗುಡ್ಡ, ಮಳೆ, ಹೊಳೆ ಇವು ಮೊದಲೂ ಇದ್ದವು ಮಾರಾಯ, ಅವುಗಳ ಬುಡದಲ್ಲಿ ಎಷ್ಟು ಅಗಲ, ಎಷ್ಟು ಲಾರಿ, ಎಷ್ಟು ವೇಗ ಅಂತ ನಿರ್ಧರಿಸಿದ್ದು ಪ್ರಕೃತಿಯಲ್ಲ ಅಂತ ಹೇಳಬೇಕಿತ್ತು. ಹೇಳಲಿಲ್ಲ. ಅವತ್ತು ನನಗೂ ಒಂದು ಡೆಡ್‌ಲೈನ್ ಇತ್ತು.

ಹಾಗಾದರೆ ಏನು ಮಾಡಬೇಕು? ಟೀಕೆ ಬರೆದವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ನನ್ನಲ್ಲಿ ಕ್ರಾಂತಿಯ ಉತ್ತರ ಇಲ್ಲ. ಸಣ್ಣ ಸಣ್ಣವು ಇವೆ. ಊರಿನ ನಡುವೆ ಹಾದುಹೋಗುವ ಹೆದ್ದಾರಿಗೆ ಊರಿನ ವೇಗ ಇರಲಿ. ಫಲಕ ಹಾಕಿದರೆ ಸಾಲದು, ರಸ್ತೆಯೇ ನಿಧಾನಿಸುವ ಹಾಗೆ ಕಟ್ಟಬೇಕು. ಜನ ಮತ್ತು ವಾಹನ ಬೆರೆಯುವಲ್ಲಿ ಗಂಟೆಗೆ 30 ಕಿ.ಮೀ. ಮೀರಬಾರದು ಅಂತ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿತ್ತು. ಹೆದ್ದಾರಿಗೆ ಅಷ್ಟು ಆಗದಿದ್ದರೆ ದಾಟುವ ಜಾಗಗಳಲ್ಲಾದರೂ ಆಗಲಿ. ಆಂಬುಲೆನ್ಸು ಮಣಿಪಾಲಕ್ಕೆ ಓಡುವಾಗ ಬಿಣಗಾದಂಥ ಊರುಗಳಲ್ಲಿ ಸೇರುವ ಕೆಲವು ನಿಮಿಷಕ್ಕೆ ಬೆಲೆ ಇದೆ, ನಾನು ಅಲ್ಲಗಳೆಯುವುದಿಲ್ಲ. ಅದಕ್ಕೆ ಪರಿಹಾರ ಜಿಲ್ಲೆಯಲ್ಲೇ ಒಳ್ಳೆಯ ಆಸ್ಪತ್ರೆ. ಅದು ಸಾರಿಗೆ ನೀತಿಯೂ ಹೌದು, ಎಷ್ಟೋ ಪ್ರಯಾಣವನ್ನೇ ಉಳಿಸುತ್ತದೆ.

ಬಸ್ ನಿಲ್ದಾಣ ಮತ್ತು ದಾಟುವ ಜಾಗವನ್ನು ಒಂದೇ ಕೆಲಸ ಅಂತ ಪರಿಗಣಿಸಲಿ. ಬಸ್ಸು ಕೊಡುವಾಗ ನಗರದ ತಲೆ ಎಣಿಸದೆ ಜಿಲ್ಲೆಯ ತಲೆ ಎಣಿಸಲಿ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 198ಎ ಅಂತೊಂದು ಕಲಮು ಸೇರಿದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯವಾದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಸಾವಿರಾರು ಕೋಟಿಯ ಕಾಮಗಾರಿಗೆ ಒಂದು ಲಕ್ಷ! ಆದರೂ ಕಾನೂನು ಮೊದಲ ಬಾರಿಗೆ ದಾಟುವವನ ಕಡೆಯಿಂದ ತಿರುಗಿ ರಸ್ತೆ ಕಟ್ಟಿದವನ ಮುಖ ನೋಡಿದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಫುಟ್‌ಪಾತ್ ಬಳಸುವ ಹಕ್ಕನ್ನು 21ನೇ ವಿಧಿಯ ಬದುಕುವ ಹಕ್ಕಿಗೆ ಸೇರಿಸಿ ಮಾತಾಡಿತು. ಇವನ್ನೆಲ್ಲ ಕೈಯಲ್ಲಿ ಹಿಡಿದು ಕೇಳುವವರು ಬೇಕು. ಕೇಳುವವರು ಬೆಂಗಳೂರಿನ ಇಂದಿರಾನಗರದಲ್ಲಿ ಇದ್ದಾರೆ, ಒಳ್ಳೆಯದೇ. ಬಿಣಗಾದಲ್ಲೂ ಇರಬೇಕು.

ಇನ್ನೊಂದು ಇದೆ. ಅದು ನನ್ನಂಥವರು, ಬಹುಶಃ ಇದನ್ನು ಓದುತ್ತಿರುವ ನಿಮ್ಮಲ್ಲೂ ಕೆಲವರು ಮಾಡಬಹುದಾದದ್ದು. ದೇಶದ ಎಷ್ಟೋ ರಸ್ತೆಗಳು ಮೊದಲು ಹುಟ್ಟುವುದು ನಮ್ಮ ಲ್ಯಾಪ್‌ಟಾಪುಗಳಲ್ಲಿ. ಊರಿಂದ ವಾಪಸು ಬಂದ ಮೇಲೆ ನಮ್ಮ ಮ್ಯಾನೇಜರಿಗೆ ಕೇಳಿದೆ, ಎಣಿಕೆಯ ಹಾಳೆಯಲ್ಲಿ ದಾಟುವವರಿಗೆ ಒಂದು ಕಾಲಮ್ ಸೇರಿಸೋಣವಾ, ಬಂದು ವಾಪಸು ಹೋದವರಿಗೆ ಇನ್ನೊಂದು. ಅವರು ಒಳ್ಳೆಯವರೇ. "ಐಡಿಯಾ ಚೆನ್ನಾಗಿದೆ, ಆದರೆ ಕ್ಲೈಂಟ್ ಕೇಳಿಲ್ಲವಲ್ಲ" ಅಂದರು. ಕೇಳದಿದ್ದರೂ ಒಂದು ಊರಿಗೆ ಮಾಡಿ ತೋರಿಸುತ್ತೇನೆ, ಶನಿವಾರ ಭಾನುವಾರ ನಾನೇ ಎಣಿಸುತ್ತೇನೆ ಅಂದೆ. "ನೋಡೋಣ" ಅಂದಿದ್ದಾರೆ. ನಮ್ಮ ಆಫೀಸಿನಲ್ಲಿ 'ನೋಡೋಣ' ಅನ್ನುವುದಕ್ಕೆ ಎರಡು ಅರ್ಥ ಇವೆ. ಯಾವುದು ಅಂತ ಇನ್ನೂ ಗೊತ್ತಾಗಿಲ್ಲ.

ಫೋನಿನಲ್ಲಿ ಆಯಿಗೆ ಹೇಳಿದೆ, ಮುಂದಿನ ಸಲ ಬಂದಾಗ ಎರಡು ದಿನ ರಸ್ತೆ ಬದಿ ಕುರ್ಚಿ ಹಾಕಿ ಕೂರುತ್ತೇನೆ, ಜನರನ್ನು ಎಣಿಸಲಿಕ್ಕೆ.

"ಎಂತಕ್ಕೆ ಮಾರಾಯ? ಜನ ಎಲ್ಲಿದ್ದಾರೆ ಅಲ್ಲಿ, ಎಲ್ಲ ಗಾಡಿಯೇ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೂರೂದಾದ್ರೆ ಬೆಳಿಗ್ಗೆ ಕೂರು. ನಾನೂ ಬರ್ತೆ. ನೀ ಕೈ ಹಿಡಿದ್ರೆ ಒಂದು ಸಲ ದಾಟಿ ನೋಡ್ತೆ" ಅಂದಳು.